ಮನಸ್ಸಿಗಿಂತ ಮೊದಲು ಮಂಡಿ: ಧ್ಯಾನಕ್ಕೆ ಕೂರಲು ಕಲಿಯುವ ಬಗೆ

ಧ್ಯಾನ ಶುರು ಮಾಡಿ ಬಿಟ್ಟವರನ್ನು ಕೇಳಿದರೆ ಬಹಳ ಮಂದಿ ಹೇಳುವುದು ಒಂದೇ ಮಾತು: "ನನ್ನ ಮನಸ್ಸು ನಿಲ್ಲೋದೇ ಇಲ್ಲ, ನನಗದು ಆಗಿಬರಲ್ಲ." ಶಿವಮೊಗ್ಗದಲ್ಲಿ ಹೊಸಬರ ಜೊತೆ ಕೂರುತ್ತಾ ನಾವು ಕಂಡುಕೊಂಡಿದ್ದು ಬೇರೆ. ಮನಸ್ಸು ಯಾರದ್ದೂ ನಿಲ್ಲುವುದಿಲ್ಲ. ಮೊದಲ ತಿಂಗಳಲ್ಲಿ ಜನ ಎದ್ದು ಹೋಗುವುದು ಮಂಡಿನೋವಿಗೆ, ಜೋಮು ಹಿಡಿದ ಪಾದಕ್ಕೆ, ತೂಕಡಿಕೆಗೆ, ತಪ್ಪು ಹೊತ್ತಿಗೆ, ಮಳೆಗಾಲದಲ್ಲಿ ಒದ್ದೆ ವಾಸನೆ ಹೊಡೆಯುವ ಚಾಪೆಗೆ. ಇವೆಲ್ಲಕ್ಕೂ ಕಾರಣ ಇದೆ, ಪರಿಹಾರವೂ ಇದೆ. ಇವನ್ನು ಸರಿಮಾಡಿಕೊಳ್ಳದೆ ಮನಸ್ಸಿನ ಜೊತೆ ಗುದ್ದಾಡಿದರೆ ಏನೂ ಆಗುವುದಿಲ್ಲ.

ಗೀತೆಯ ಆರನೇ ಅಧ್ಯಾಯ ತೆಗೆದು ನೋಡಿ. ಕೂರುವ ಜಾಗ, ಆಸನದ ಎತ್ತರ, ಅದರ ಮೇಲಿನ ಹಾಸು ಇವೆಲ್ಲ ಬರುವುದು 11ನೇ ಶ್ಲೋಕದಲ್ಲಿ. ಮನಸ್ಸು ಚಂಚಲ, ಅದನ್ನು ಹಿಡಿಯುವುದು ಕಷ್ಟ ಎಂದು ಅರ್ಜುನ ಹೇಳಿಕೊಳ್ಳುವುದು 34ನೇ ಶ್ಲೋಕದಲ್ಲಿ. ಕಲಿಯುವವರಿಗೂ ಇದೇ ಕ್ರಮ ಒಳ್ಳೆಯದು.

ಹೊತ್ತಿನಿಂದ ಶುರು ಮಾಡೋಣ. ಗಡಿಯಾರ ನೋಡಿ ಸಮಯ ಗೊತ್ತುಮಾಡುವುದಕ್ಕಿಂತ ದಿನಾ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಧ್ಯಾನವನ್ನು ಕಟ್ಟಿದರೆ ಅದು ಉಳಿಯುತ್ತದೆ. ಹೆಚ್ಚಿನವರಿಗೆ ಆಗಿಬರುವುದು ಬೆಳಿಗ್ಗೆ ಶೌಚ, ಮುಖಮಾರ್ಜನ ಮುಗಿದ ಮೇಲೆ, ಕಾಫಿಗೆ ಮೊದಲು. ಕಾಫಿ ಲೋಟ ಕೈಗೆ ಬಂದರೆ ಹಿಂದೆಯೇ ಪೇಪರ್ ಬರುತ್ತದೆ, ಫೋನ್ ಬರುತ್ತದೆ, ಮಾತು ಬರುತ್ತದೆ. ಕಾಫಿ ಇಲ್ಲದಿದ್ದರೆ ತಲೆ ಸಿಡಿಯುವವರು ಅರ್ಧ ಲೋಟ ಕುಡಿದು ಇಪ್ಪತ್ತು ನಿಮಿಷ ಬಿಟ್ಟು ಕೂರಲಿ. ಊಟವಾಗಿ ಎರಡು ಗಂಟೆ, ತಿಂಡಿಯಾಗಿ ಒಂದು ಗಂಟೆ ಕಳೆದಿರಲಿ. ಹೊಟ್ಟೆ ತುಂಬಿದಾಗ ಕೂತರೆ ನಿದ್ದೆಯೇ ಬರುವುದು.

ಬ್ರಾಹ್ಮೀ ಮುಹೂರ್ತದಲ್ಲೇ ಕೂರಬೇಕು ಎಂಬ ಮಾತನ್ನು ನಾವು ಹೊಸಬರಿಗೆ ಹೇಳುವುದಿಲ್ಲ. ಬೆಳಗಿನ ಜಾವ ಎದ್ದು ಒಲೆ ಹಚ್ಚುವವರಿಗೆ, ಮಕ್ಕಳಿಗೆ ಡಬ್ಬಿ ಕಟ್ಟುವವರಿಗೆ ಆ ಹೊತ್ತು ಅವರದ್ದಲ್ಲ. ಮಕ್ಕಳು ಸ್ಕೂಲಿಗೆ ಹೋಗಿ, ಮಧ್ಯಾಹ್ನದ ಅಡುಗೆಗೆ ಕೈಹಚ್ಚುವ ಮೊದಲು ಹತ್ತೂವರೆ-ಹನ್ನೊಂದರ ಹೊತ್ತಿಗೆ ಮನೆ ಖಾಲಿ ಇರುತ್ತದಲ್ಲ, ಆ ಸಮಯ ಚಿನ್ನದಂಥದ್ದು. ಅಂಗಡಿ ನಡೆಸುವವರಿಗೆ ಶಟರ್ ಎತ್ತುವ ಮೊದಲಿನ ಹತ್ತು ನಿಮಿಷ. ಯಾವ ಹೊತ್ತಾದರೂ ಸರಿ, ದಿನಾ ಅದೇ ಇರಲಿ.

ಮನೆಯವರಿಗೆ ಮೊದಲೇ ಹೇಳಿಬಿಡಿ: "ಅಮ್ಮಾ, ಹತ್ತು ನಿಮಿಷ ಕರೀಬೇಡ, ಆಮೇಲೆ ನಾನೇ ಬರ್ತೀನಿ." ಹೇಳದೆ ಕೂತರೆ ಯಾರು ಯಾವಾಗ ಕರೆಯುತ್ತಾರೋ ಎಂದು ಕಿವಿ ಬಾಗಿಲಿನ ಕಡೆಗೇ ಇರುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಟೈಮರ್ ಇಟ್ಟು, ಕೈಗೆ ಎಟುಕದಷ್ಟು ದೂರದಲ್ಲಿ ಬೋರಲು ಹಾಕಿಡಿ. ಟೈಮರಿನ ಸದ್ದು ಮೆಲ್ಲಗಿರಲಿ. ಬೆಚ್ಚಿಬೀಳಿಸುವ ಸದ್ದಿಟ್ಟರೆ ಎರಡನೇ ದಿನದಿಂದಲೇ ಮೈ ಅದಕ್ಕಾಗಿ ಕಾಯುತ್ತಾ ಬಿಗಿಯುತ್ತದೆ. ಟೈಮರೇ ಇಡದೆ ಕೂರುವುದೂ ಬೇಡ, ಎಷ್ಟಾಯಿತೋ ಎಂಬ ಲೆಕ್ಕದಲ್ಲೇ ಹೊತ್ತು ಹೋಗುತ್ತದೆ.

ಜಾಗದ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ಆಸೆ ಇರುತ್ತದೆ. ಕಾಡಿನಲ್ಲಿ, ಮರದ ಬುಡದಲ್ಲಿ ಕೂರಬೇಕು ಅಂತ. ದಯವಿಟ್ಟು ಬೇಡ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗುಗಳು ಒಣಗಿದ ತರಗೆಲೆಯಲ್ಲಿ ಇರುತ್ತವೆ. ಚಳಿಗಾಲದಿಂದ ಮೇ ತಿಂಗಳ ತನಕ ತರಗೆಲೆಯ ಮೇಲೆ ಅಲುಗಾಡದೆ ಕೂರುವುದೆಂದರೆ ಅವಕ್ಕೆ ಮೈಕೊಟ್ಟ ಹಾಗೆ. ಮಳೆಗಾಲದಲ್ಲಿ ಇಂಬಳದ (ಜಿಗಣೆಯ) ಕಾಟ. ಬಯಲಲ್ಲೇ ಕೂರಬೇಕೆಂದರೆ ತುಂಗಾ ಭದ್ರಾ ಸೇರುವ ಕೂಡಲಿಯ ಮೆಟ್ಟಿಲುಗಳಿವೆ, ಗುಡಿಯ ಪೌಳಿ ಇದೆ, ನಿಮ್ಮದೇ ಅಂಗಳ ಇದೆ. ಆದರೆ ಕಲಿಯುವ ದಿನಗಳಲ್ಲಿ ಮನೆಯೊಳಗಿನ ಒಂದೇ ಮೂಲೆ ಒಳ್ಳೆಯದು. ಜಗಲಿ ತಂಪಾಗಿರುತ್ತದೆ ನಿಜ, ದಾರಿಯಲ್ಲಿ ಹೋಗುವವರು ಮಾತನಾಡಿಸದೆ ಬಿಡುವುದಿಲ್ಲ. ದೇವರಮನೆಯಲ್ಲಿ ಕೂರುವವರು ಊದಿನಕಡ್ಡಿಯನ್ನು ಧ್ಯಾನ ಮುಗಿದ ಮೇಲೆ ಹಚ್ಚಿ. ಸಣ್ಣ ಕೋಣೆಯಲ್ಲಿ ಆ ಹೊಗೆ ಮೂಗಿನೊಳಗೆ ಕೆರೆತ ಎಬ್ಬಿಸುತ್ತದೆ, ನಾವು ಗಮನ ಇಡಬೇಕಾದ್ದು ಅದೇ ಮೂಗಿನ ಮೇಲೆ. ಸೊಳ್ಳೆಬತ್ತಿಯೂ ಹಾಗೇ. ಸೊಳ್ಳೆ ಇದ್ದರೆ ನೆಲದ ಮೇಲೆ ಹಾಸಿ, ಮೇಲಿಂದ ಪರದೆ ಇಳಿಬಿಟ್ಟು ಒಳಗೆ ಕೂರಿ. ಮಂಚದ ಹಾಸಿಗೆ ಬೇಡ. ಮೆತ್ತನೆಯ ಹಾಸಿಗೆಯಲ್ಲಿ ಸೊಂಟ ಹೂತುಹೋಗಿ ಬೆನ್ನು ಗೂನಾಗುತ್ತದೆ.

ಈಗ ಆಸನ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇವೆ, ಮುಕ್ಕಾಲು ಪಾಲು ತೊಂದರೆ ಹುಟ್ಟುವುದು ಇಲ್ಲೇ.

ಬರೀ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕನ್ನಡಿಯಲ್ಲಿ ಪಕ್ಕದಿಂದ ನೋಡಿಕೊಳ್ಳಿ. ಮಂಡಿಗಳು ಸೊಂಟಕ್ಕಿಂತ ಮೇಲಿದ್ದರೆ ಸೊಂಟದ ಮೂಳೆ ಹಿಂದಕ್ಕೆ ವಾಲಿರುತ್ತದೆ. ಕೆಳಬೆನ್ನು ಹೊರಕ್ಕೆ ಬಾಗಿರುತ್ತದೆ. ಆಗ ಬೆನ್ನನ್ನು ನೆಟ್ಟಗೆ ಹಿಡಿಯಲು ಸ್ನಾಯುಗಳು ಎಡೆಬಿಡದೆ ದುಡಿಯಬೇಕು, ಐದೇ ನಿಮಿಷಕ್ಕೆ ಸೋಲುತ್ತವೆ. ಸೊಂಟವನ್ನು ನಾಲ್ಕರಿಂದ ಆರು ಇಂಚು ಎತ್ತರಿಸಿದರೆ ಅದು ತಾನಾಗಿ ಮುಂದಕ್ಕೆ ವಾಲುತ್ತದೆ, ಮಂಡಿಗಳು ಕೆಳಗಿಳಿಯುತ್ತವೆ, ಬೆನ್ನುಮೂಳೆ ತನ್ನ ಸಹಜ ಬಾಗಿಗೆ ಬಂದು ಹೆಚ್ಚು ಶ್ರಮವಿಲ್ಲದೆ ನಿಲ್ಲುತ್ತದೆ.

ಇದಕ್ಕೆ ದುಡ್ಡು ಕೊಟ್ಟು ದಿಂಬು ತರಬೇಕಾಗಿಲ್ಲ. ಮನೆಯಲ್ಲಿರುವ ಕುರಿ ಕಂಬಳಿಯೇ ಸಾಕು, ನಮ್ಮ ಮಟ್ಟಿಗೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಹತ್ತಿಯ ದಿಂಬು ಕೂತ ಕೂಡಲೇ ಚಪ್ಪಟೆಯಾಗುತ್ತದೆ. ಕಂಬಳಿಯ ಒರಟು ಉಣ್ಣೆ ಒತ್ತಿದರೂ ಎತ್ತರ ಬಿಟ್ಟುಕೊಡುವುದಿಲ್ಲ, ಪದರಗಳು ಜಾರುವುದೂ ಇಲ್ಲ. ಒಂದೂವರೆ ಅಡಿ ಅಗಲ ಬರುವಂತೆ ಮಡಚಿ, ಮೇಲೆ ಮೇಲೆ ಮಡಿಕೆ ಹಾಕುತ್ತಾ ಹೋಗಿ. ಕಂಬಳಿ ತೆಳುವಾಗಿದ್ದರೆ ಎರಡು ಬೇಕಾದೀತು. ಮೇಲೆ ಒಂದು ಟವೆಲ್ ಹಾಸಿಕೊಂಡರೆ ಚುಚ್ಚುವುದಿಲ್ಲ. ಕೂರುವಾಗ ನಟ್ಟನಡುವೆ ಕೂರದೆ ಮುಂದಿನ ಅಂಚಿನ ಹತ್ತಿರ ಕೂರಿ. ಮುಂದಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಕುಂಡೆ ಇರಲಿ, ತೊಡೆ ಕಂಬಳಿಯಿಂದ ಹೊರಗೆ ಇಳಿಜಾರಾಗಿ ಇಳಿಯಲಿ.

ಪದ್ಮಾಸನ ಬೇಡ. ಒಂದು ಕಾಲಿನ ಮೇಲೆ ಇನ್ನೊಂದು ಕಾಲನ್ನೂ ಹೇರಬೇಡಿ. ಒಂದು ಹಿಮ್ಮಡಿ ತೊಡೆಸಂದಿನ ಹತ್ತಿರ, ಇನ್ನೊಂದು ಅದರ ಮುಂದೆ, ಎರಡು ಪಾದಗಳೂ ನೆಲಕ್ಕೆ ತಾಗಿರಲಿ. ಮಂಡಿ ನೆಲಕ್ಕೆ ಮುಟ್ಟದೆ ಗಾಳಿಯಲ್ಲಿ ನೇತಾಡುತ್ತಿದ್ದರೆ ಆ ಸಂದಿಗೆ ಮಡಿಸಿದ ಬಟ್ಟೆ ತುರುಕಿ. ಮಂಡಿಯ ನೋವಿಗೆ ಬಹಳ ಸಲ ಮೂಲ ಮಂಡಿಯಲ್ಲಿ ಇರುವುದಿಲ್ಲ, ಬಿಗಿದುಕೊಂಡ ಸೊಂಟದ ಕೀಲಿನಲ್ಲಿ ಇರುತ್ತದೆ. ಸೊಂಟ ತಿರುಗದಿದ್ದಾಗ ಆ ತಿರುಚು ಮಂಡಿಗೆ ಬೀಳುತ್ತದೆ. ಮಂಡಿಯ ಒಳಗೆ ಚುಚ್ಚುವ ನೋವು ಬಂದರೆ ಸಹಿಸಿಕೊಂಡು ಕೂರಬಾರದು, ಕೂಡಲೇ ಕಾಲು ಬಿಡಿಸಿ ಕುರ್ಚಿಗೆ ಹೋಗಿ.

ಕುರ್ಚಿಯಲ್ಲಿ ಕೂತರೆ ಧ್ಯಾನದ ತೂಕ ಕಡಿಮೆಯಾಗುವುದಿಲ್ಲ. ಅರವತ್ತು ದಾಟಿದವರಿಗೆ, ಮಂಡಿ ಸವೆತ ಇರುವವರಿಗೆ ಅದೇ ಸರಿ. ಆದರೆ ಎಲ್ಲರ ಮನೆಯ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಇಳಿಜಾರಾಗಿರುತ್ತದೆ, ಕೂತವರು ತಾವಾಗಿ ಒರಗುತ್ತಾರೆ. ಹಿಂದಿನ ಅರ್ಧಕ್ಕೆ ಮಡಿಸಿದ ಬೆಡ್‌ಶೀಟ್ ಇಟ್ಟು ಮಟ್ಟ ಮಾಡಿ, ಒರಗದೆ ಕೂರಿ. ಪಾದ ಪೂರ್ತಿ ನೆಲಕ್ಕೆ ತಾಗದಿದ್ದರೆ ಕೆಳಗೊಂದು ಮಣೆ ಇಡಿ.

ಜೋಮು ಹಿಡಿಯುವುದು ಕಂಬಳಿಯ ಅಂಚು ತೊಡೆಯ ಹಿಂಭಾಗದ ನರವನ್ನು ಒತ್ತುವುದರಿಂದ, ಇಲ್ಲವೇ ಒಂದು ಕಾಲು ಇನ್ನೊಂದರ ಮೇಲೆ ಭಾರ ಹಾಕಿರುವುದರಿಂದ. ಇನ್ನೂ ಮುಂದಕ್ಕೆ ಸರಿದು ಕೂರಿ, ಮಾರನೇ ದಿನ ಒಳಗಿನ ಕಾಲನ್ನು ಹೊರಗೆ ಮಾಡಿ. ಜೋಮು ಹಿಡಿದ ಕಾಲಿನ ಮೇಲೆ ಮಾತ್ರ ಎದ್ದು ನಿಲ್ಲಬೇಡಿ. ಪಾದ ಎಲ್ಲಿದೆ ಎಂದೇ ಗೊತ್ತಾಗದೆ ಮಡಚಿಕೊಂಡು ಬಿದ್ದು ಪೆಟ್ಟು ಮಾಡಿಕೊಳ್ಳುವ ಅಪಾಯ ಇದೆ. ಎರಡು ಕಾಲನ್ನೂ ಚಾಚಿ, ಬೆರಳು ಆಡಿಸಿ, ಚುರುಚುರು ಅನ್ನುವುದು ಪೂರ್ತಿ ನಿಂತ ಮೇಲೆ ಎದ್ದೇಳಿ.

ಮೊದಲ ಎರಡು ವಾರ ಐದು ನಿಮಿಷ ಸಾಕು. ಉತ್ಸಾಹದಲ್ಲಿ ಅರ್ಧ ಗಂಟೆ ಕೂರಬೇಡಿ. ಕೂರುವ ಮೊದಲು, ತಲೆಯಲ್ಲಿ ಕೆಲಸಗಳು ಗಿಜಿಗುಡುವವರಿಗೆ ಒಂದು ಉಪಾಯ ಬಹಳ ಸಹಾಯಕ್ಕೆ ಬರುತ್ತದೆ: ಒಂದು ಚೀಟಿ, ಒಂದು ಪೆನ್ನು. ಎರಡು ನಿಮಿಷದಲ್ಲಿ ನೆನಪಿಗೆ ಬಂದದ್ದೆಲ್ಲ ಬರೆಯಿರಿ. ಗ್ಯಾಸ್ ಬುಕ್ ಮಾಡಬೇಕು, ಸೊಸೈಟಿಗೆ ಹೋಗಬೇಕು, ತಮ್ಮನಿಗೆ ಫೋನ್ ಮಾಡಬೇಕು. ಮರೆತುಹೋದೀತು ಎಂಬ ಹೆದರಿಕೆಗೇ ಮನಸ್ಸು ಇವನ್ನು ಮತ್ತೆ ಮತ್ತೆ ಮೇಲಕ್ಕೆ ತರುತ್ತದೆ, ಕಾಗದದ ಮೇಲೆ ಬಿದ್ದರೆ ಆ ಒತ್ತಡ ಇಳಿಯುತ್ತದೆ. ಕೂತ ಮೇಲೆ ಹೊಸದೇನಾದರೂ ಹೊಳೆದರೆ ಬರೆಯಲು ಕಣ್ಣು ತೆರೆಯಬೇಡಿ. ಮುಖ್ಯವಾದದ್ದಾದರೆ ಐದು ನಿಮಿಷದಲ್ಲಿ ಎಲ್ಲಿಗೂ ಹೋಗುವುದಿಲ್ಲ.

ಕೂತಿರಿ. ಅಂಗೈಗಳನ್ನು ತೊಡೆಯ ಮೇಲೆ ಬೋರಲು ಇಡಿ. ಒಮ್ಮೆ ಭುಜಗಳನ್ನು ಕಿವಿಯ ತನಕ ಎತ್ತಿ ಬಿಟ್ಟುಬಿಡಿ. ಗದ್ದ ಒಂದು ಬೆರಳಿನಷ್ಟು ಒಳಕ್ಕೆ. ಹಲ್ಲು ಕಚ್ಚಿಕೊಂಡಿದ್ದರೆ ಸಡಿಲಿಸಿ, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಇರಲಿ. ಕಣ್ಣು ಮುಚ್ಚಬಹುದು. ಮುಚ್ಚಿದರೆ ನಿದ್ದೆ ಬರುತ್ತದೆ ಅನ್ನುವವರು ಅರ್ಧ ತೆರೆದು ಮೂರು ಅಡಿ ಮುಂದಿನ ನೆಲದ ಮೇಲೆ ದೃಷ್ಟಿ ಇಳಿಸಿ.

ಮೊದಲು ಮೂರು ಉಸಿರನ್ನು ಮಾತ್ರ ಬೇಕಂತಲೇ ಉದ್ದ ಮಾಡಿ. ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಇದನ್ನು ಒಂದು ಸಲ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಮಾಡಿ ನೋಡಿ. ಉಸಿರು ಒಳಕ್ಕೆ ಹೋಗುವಾಗ ಬಡಿತಗಳು ಹತ್ತಿರ ಹತ್ತಿರ ಬರುತ್ತವೆ, ಹೊರಕ್ಕೆ ಬಿಡುವಾಗ ದೂರ ದೂರವಾಗುತ್ತವೆ. ಎಲ್ಲರಿಗೂ ಬೆರಳಿಗೆ ಅಷ್ಟು ಸ್ಪಷ್ಟವಾಗಿ ಸಿಗಲಿಕ್ಕಿಲ್ಲ, ಸಿಕ್ಕವರ ಮುಖದಲ್ಲಿ ಮೂಡುವ ಬೆರಗು ನೋಡಲು ಚೆಂದ. ಉಸಿರು ಬಿಡುವಾಗ ವೇಗಸ್ ಎಂಬ ನರ ಹೃದಯದ ಓಟವನ್ನು ನಿಧಾನಿಸುತ್ತದೆ. ಹೊರ ಉಸಿರು ಉದ್ದವಾದರೆ ಮೈ ಸಡಿಲಾಗುವುದು ಇದರಿಂದಲೇ.

ಮೂರು ಮುಗಿದ ಮೇಲೆ ಉಸಿರನ್ನು ಅದರ ಪಾಡಿಗೆ ಬಿಡಿ. ಇನ್ನು ನಮ್ಮ ಕೆಲಸ ಅದನ್ನು ನಡೆಸುವುದಲ್ಲ, ಗಮನಿಸುವುದು. ಮೂಗಿನ ಹೊಳ್ಳೆಯ ಅಂಚಿನಲ್ಲಿ ಗಾಳಿ ಒಳಹೋಗುವಾಗ ತುಸು ತಂಪು, ಹೊರಬರುವಾಗ ತುಸು ಬಿಸಿ. ಅಲ್ಲಿ ಸಿಗದಿದ್ದರೆ ಹೊಟ್ಟೆ ಏರುವುದು ಇಳಿಯುವುದನ್ನು ಹಿಡಿಯಿರಿ. ಮಳೆಗಾಲದಲ್ಲಿ ಶೀತ, ಸೈನಸ್ ಇರುವವರು ಮೂಗಿನ ಆಸೆ ಬಿಟ್ಟು ಹೊಟ್ಟೆಗೇ ಬರುವುದು ಲೇಸು. ಆದರೆ ಒಂದೇ ಕೂರುವಿಕೆಯಲ್ಲಿ ಮೂಗಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ ಅಲೆದಾಡಬೇಡಿ.

ಪ್ರತಿ ಹೊರ ಉಸಿರಿಗೆ ಒಂದು ಎಣಿಕೆ. ಒಂದರಿಂದ ಹತ್ತು, ಮತ್ತೆ ಒಂದರಿಂದ. ಸುಮ್ಮನಿರುವಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಹಾಗಾಗಿ ಐದು ನಿಮಿಷಕ್ಕೆ 60ರಿಂದ 100 ಉಸಿರು, ಹತ್ತರ ಆರರಿಂದ ಹತ್ತು ಸುತ್ತು. ಮೊದಲ ದಿನಗಳಲ್ಲಿ ನಾಲ್ಕಕ್ಕೋ ಐದಕ್ಕೋ ಎಣಿಕೆ ತಪ್ಪುತ್ತದೆ. ಗಮನಕ್ಕೆ ಬಂದಾಗ ಎಷ್ಟಕ್ಕೆ ತಪ್ಪಿತು ಎಂದು ಹುಡುಕದೆ ಒಂದಕ್ಕೆ ಬನ್ನಿ. ಎಣಿಕೆ ತಾನಾಗಿ ಹದಿನೇಳು ಹದಿನೆಂಟಕ್ಕೆ ಹೋಗಿದ್ದರೆ ನಾಲಿಗೆ ಎಣಿಸುತ್ತಿತ್ತು, ಮನಸ್ಸು ಬೇರೆಲ್ಲೋ ಇತ್ತು ಎಂದು ತಿಳಿಯಿರಿ. ಆಗಲೂ ಒಂದಕ್ಕೇ.

ಈ ಅಭ್ಯಾಸದ ನಿಜವಾದ ಕೆಲಸ ನಡೆಯುವುದು ಎಲ್ಲಿ ಎಂದು ಕೇಳಿದರೆ, ತಪ್ಪಿದೆ ಎಂದು ಗೊತ್ತಾಗುವ ಆ ಕ್ಷಣದಲ್ಲಿ. ಸುಮ್ಮನಿದ್ದಾಗ ಅಲೆಯುವುದು ಮಿದುಳಿನ ಸಹಜ ರೀತಿ. ಕೈಯಲ್ಲಿ ಕೆಲಸವಿಲ್ಲದಾಗಲೇ ಚುರುಕಾಗುವ ಮಿದುಳಿನ ಭಾಗಗಳಿವೆ ಎಂಬುದನ್ನು ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಜೊತೆಗಾರರು 2001ರಲ್ಲಿ ವಿವರಿಸಿದರು. ಹಳೆಯ ಮಾತು, ನಾಳೆಯ ಚಿಂತೆ, ತನ್ನ ಬಗ್ಗೆ ತಾನು ಹೆಣೆಯುವ ಕತೆ ಎಲ್ಲ ಅಲ್ಲಿಯ ಕೆಲಸ. ಅದನ್ನು ನಿಲ್ಲಿಸಲು ಹೋಗಬೇಡಿ. ಅದು ಎಳೆದುಕೊಂಡು ಹೋದದ್ದು ಬೇಗ ಗಮನಕ್ಕೆ ಬರುವಂತಾದರೆ ಅದೇ ಪ್ರಗತಿ. ಹತ್ತು ಸಲ ಹೋಗಿ ಹತ್ತು ಸಲ ಮರಳಿದ ದಿನ ಕೆಟ್ಟ ದಿನವಲ್ಲ, ಹತ್ತು ಸಲ ಅಭ್ಯಾಸವಾದ ದಿನ.

ಯೋಚನೆಗಳಲ್ಲಿ ಎರಡು ಬಗೆಯವು ಹೆಚ್ಚು ಕಾಡುತ್ತವೆ. ಮೊದಲನೆಯದು ಕೆಲಸಗಳ ಪಟ್ಟಿ, ಅದಕ್ಕೆ ಚೀಟಿ ಇದೆ. ಎರಡನೆಯದು ಜಗಳದ ನೆನಪು. ಅಣ್ಣತಮ್ಮಂದಿರ ತೋಟದ ಪಾಲಿನ ಮಾತೋ, ಆಫೀಸಿನಲ್ಲಿ ಯಾರೋ ಆಡಿದ ಮಾತೋ. ನಾನು ಹೀಗೆ ಹೇಳಬೇಕಿತ್ತು, ಅವರು ಹಾಗೆ ಅನ್ನುತ್ತಿದ್ದರು ಎಂದು ಮನಸ್ಸು ಎರಡೂ ಕಡೆಯ ಮಾತು ಆಡುತ್ತದೆ. ಇದು ಬರೀ ಯೋಚನೆಯಾಗಿ ಉಳಿಯುವುದಿಲ್ಲ, ದವಡೆ ಬಿಗಿಯುತ್ತದೆ, ಹೊಟ್ಟೆ ಗಟ್ಟಿಯಾಗುತ್ತದೆ, ಉಸಿರು ಎದೆಗೆ ಏರುತ್ತದೆ. ಆಗ ಎಣಿಕೆಗೆ ನೇರ ಮರಳಲು ಆಗುವುದಿಲ್ಲ. "ಜಗಳ" ಎಂದು ಒಳಗೇ ಒಂದು ಹೆಸರು ಕೊಡಿ, ಬಿಗಿದಿರುವ ಜಾಗಕ್ಕೆ ಗಮನ ಕೊಡಿ, ಎರಡು ಮೂರು ಉದ್ದ ಹೊರ ಉಸಿರು ಬಿಡಿ, ದವಡೆ ಸಡಿಲಾದ ಮೇಲೆ ಎಣಿಕೆಗೆ ಬನ್ನಿ. ಯಾರದು ಸರಿ ಎಂಬ ತೀರ್ಪು ಆ ಹತ್ತು ನಿಮಿಷದಲ್ಲಿ ಬೇಕಾಗಿಲ್ಲ.

ಹೊಸಬರು ಮಾಡುವ ದೊಡ್ಡ ತಪ್ಪು ಉಸಿರನ್ನು ಹಿಡಿತಕ್ಕೆ ತೆಗೆದುಕೊಳ್ಳುವುದು. ಗಮನ ಇಟ್ಟ ಕೂಡಲೇ ಉಸಿರು ಬಿಗಿಯಾಗಿ, ಎಳೆದು ಬಿಡಬೇಕು ಅನಿಸಿ, ಎದೆ ಕಟ್ಟಿದಂತಾಗುತ್ತದೆ. ಜೋರಾಗಿ ಆಳವಾಗಿ ಎಳೆಯುತ್ತಾ ಹೋದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಅದನ್ನು ಯಾವುದೋ ಶಕ್ತಿ ಏರಿತು ಎಂದುಕೊಳ್ಳುವವರಿದ್ದಾರೆ. ಅಲ್ಲ, ಉಸಿರು ಹೆಚ್ಚಾಗಿದೆ ಅಷ್ಟೇ. ಕಣ್ಣು ತೆರೆದು, ಒಂದೆರಡು ನಿಮಿಷ ಸಹಜವಾಗಿ ಉಸಿರಾಡಿ, ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಮತ್ತೆ ಶುರು ಮಾಡಿ. ಹುಬ್ಬಿನ ನಡುವೆ ನೋವು ಬಂದರೆ ಅಲ್ಲಿ ದೃಷ್ಟಿ ನೆಟ್ಟಿದ್ದೀರಿ ಎಂದರ್ಥ, ಕಣ್ಣುಗುಡ್ಡೆಗಳನ್ನು ಕೆಳಕ್ಕೆ ಇಳಿಯಬಿಡಿ.

ತೂಕಡಿಕೆಗೆ ಮುಖ ತೊಳೆಯುವುದು, ಕಣ್ಣು ಅರ್ಧ ತೆರೆಯುವುದು, ಕಿಟಕಿ ತೆರೆಯುವುದು ಎಲ್ಲ ಸರಿ. ವಾರವಿಡೀ ಹೀಗೇ ಆದರೆ ಧ್ಯಾನದ ದೋಷ ಹುಡುಕಬೇಡಿ, ರಾತ್ರಿಯ ನಿದ್ದೆ ಸಾಲದು. ಅರ್ಧ ಗಂಟೆ ಮೊದಲು ಮಲಗಿ. ಕೆರೆತ ಬಂದಾಗ ಕೂಡಲೇ ಕೆರೆಯದೆ ಮೂರು ಉಸಿರಿನಷ್ಟು ಹೊತ್ತು ಅದನ್ನೇ ನೋಡಿ. ಬಹುಪಾಲು ತಾನೇ ಹೋಗುತ್ತದೆ. ಹೋಗದಿದ್ದರೆ ನಿಧಾನವಾಗಿ ಕೈ ಎತ್ತಿ ಕೆರೆದುಕೊಂಡು ಕೈಯನ್ನು ಮತ್ತೆ ತೊಡೆಗೆ ತನ್ನಿ, ಅದರಲ್ಲಿ ತಪ್ಪೇನೂ ಇಲ್ಲ.

ಎರಡನೇ ವಾರದ ಹೊತ್ತಿಗೆ ಅನೇಕರು ಬೇಸರದಿಂದ ಬರುತ್ತಾರೆ. "ಮೊದಲಿಗಿಂತ ಗಲಾಟೆ ಜಾಸ್ತಿ ಆಗಿದೆಯಲ್ಲ ಸಾರ್" ಅನ್ನುತ್ತಾರೆ. ಗಲಾಟೆ ಹೆಚ್ಚಾಗಿಲ್ಲ, ಇದ್ದದ್ದು ಈಗ ಕೇಳಿಸುತ್ತಿದೆ. ದಿನವಿಡೀ ಟಿವಿ, ಫೋನ್, ಮಾತು, ಕೆಲಸಗಳ ನಡುವೆ ಮುಚ್ಚಿಹೋಗಿದ್ದದ್ದು ಸದ್ದಿಲ್ಲದ ಐದು ನಿಮಿಷದಲ್ಲಿ ಎದುರಿಗೆ ಬರುತ್ತದೆ. ಈ ಹಂತದಲ್ಲಿ ಸಮಯ ಹೆಚ್ಚಿಸಬೇಡಿ, ವಿಧಾನ ಬದಲಿಸಲೂ ಬೇಡಿ. ಒಂದು ಆ್ಯಪ್ ಬಿಟ್ಟು ಇನ್ನೊಂದು, ಒಬ್ಬ ಗುರುಗಳ ವಿಡಿಯೊ ಬಿಟ್ಟು ಇನ್ನೊಬ್ಬರದು ಎಂದು ಹುಡುಕಾಟ ಶುರುವಾಗುವುದು ಈಗಲೇ. ಇದೊಂದು ವಾರ ದಾಟಿದವರು ಸಾಮಾನ್ಯವಾಗಿ ಮುಂದೂ ಕೂರುತ್ತಾರೆ.

ಕೂರಲು ಆಗುವುದೇ ಇಲ್ಲ, ಮೈಯೆಲ್ಲ ಚಡಪಡಿಕೆ ಅನ್ನುವವರಿಗೆ ನಡಿಗೆ ಇದೆ. ಅಂಗಳದಲ್ಲೋ ಪಡಸಾಲೆಯಲ್ಲೋ ಹದಿನೈದು ಹೆಜ್ಜೆಯ ಒಂದು ನೇರ ದಾರಿ ಗುರುತಿಸಿಕೊಳ್ಳಿ. ಬರಿಗಾಲು. ಹಿಮ್ಮಡಿ ಊರುವುದು, ಅಂಗಾಲು ಊರುವುದು, ಬೆರಳು ನೆಲ ಬಿಡುವುದು, ಈ ಮೂರನ್ನು ಗಮನಿಸುತ್ತಾ ಮಾಮೂಲಿಗಿಂತ ಅರ್ಧ ವೇಗದಲ್ಲಿ ನಡೆಯಿರಿ. ಕೊನೆ ಮುಟ್ಟಿದಾಗ ನಿಂತು ಒಂದು ಉಸಿರು ತೆಗೆದು ತಿರುಗಿ. ಹತ್ತು ನಿಮಿಷ ಹೀಗೆ ನಡೆದು ಐದು ನಿಮಿಷ ಕೂತರೆ ಮೈ ಒಪ್ಪುತ್ತದೆ. ಪಾಚಿಗಟ್ಟಿದ ಅಂಗಳದಲ್ಲಿ ಮಾತ್ರ ಬೇಡ, ಜಾರುತ್ತದೆ.

ಮಳೆಗಾಲ ಇಲ್ಲಿನ ಅಭ್ಯಾಸಕ್ಕೆ ಬೇರೆಯೇ ಅಧ್ಯಾಯ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಆಗುಂಬೆಯ ಕಡೆಯಂತೂ ಜೂನ್‌ನಿಂದ ಸೆಪ್ಟೆಂಬರ್ ತನಕ ಏನೂ ಒಣಗುವುದಿಲ್ಲ. ಕಂಬಳಿಗೆ ಥಂಡಿ ಹಿಡಿದು ಬೂಷ್ಟು ಬರುತ್ತದೆ, ಆ ವಾಸನೆಗೆ ಸೀನು ಬರುತ್ತದೆ. ಬಚ್ಚಲೊಲೆ ಇರುವ ಮನೆಯಲ್ಲಿ ಕಿಡಿ ಹಾರದಷ್ಟು ಎತ್ತರದಲ್ಲಿ, ಒಲೆಯ ಬಿಸಿ ತಾಗುವಂತೆ ಹಗ್ಗ ಕಟ್ಟಿ ಹರವಿ. ಒಲೆ ಇಲ್ಲದ ಪೇಟೆ ಮನೆಯಲ್ಲಿ ಮಡಚಿ ನೆಲದ ಮೇಲೆ ಬಿಡದೆ ಕುರ್ಚಿಯ ಬೆನ್ನಿಗೆ ಹಾಕಿಡಿ, ಬಿಸಿಲು ಕಂಡ ದಿನ ಮೊದಲು ಅದನ್ನು ಹೊರಗೆ ಹಾಕಿ. ನೆಲದ ತಂಪು ಮೇಲೇರದಂತೆ ಕಂಬಳಿಯ ಕೆಳಗೆ ಪ್ಲಾಸ್ಟಿಕ್ ಚಾಪೆ ಇರಲಿ.

ಸದ್ದನ್ನಂತೂ ತಡೆಯಲಾಗದು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಉಸಿರಿನ ಸೂಕ್ಷ್ಮ ಸ್ಪರ್ಶ ಗಮನಕ್ಕೆ ಸಿಗುವುದೇ ಇಲ್ಲ. ಆಗ ಸದ್ದನ್ನೇ ಹಿಡಿಯಬೇಕು. ಮಾಡಿನ ಮೇಲಿನ ಗದ್ದಲ, ಅದರೊಳಗೆ ಸೂರಿನ ದೋಣಿಯಿಂದ ಇಳಿಯುವ ನೀರಿನ ಧಾರೆ, ಅಂಗಳದ ಬಕೆಟ್ಟಿಗೆ ಬೀಳುವ ಹನಿ. ಮಳೆ ಹೆಚ್ಚಾಯಿತು, ತೋಟಕ್ಕೆ ಕೊಳೆ ಬಂದೀತು ಎಂದು ಯೋಚನೆ ಹೊರಟರೆ ಮತ್ತೆ ಸದ್ದಿಗೆ ಬನ್ನಿ. ಅಡಿಕೆ ಬೆಳೆಗಾರರಿಗೆ ಇದು ಸುಲಭವಲ್ಲ, ಕೊಳೆರೋಗದ ಚಿಂತೆ ನಿಜವಾದದ್ದು. ಕೊಳೆಗೆ ಬೋರ್ಡೋ ದ್ರಾವಣ ಹೊಡೆಸುವ ದಿನವನ್ನು ಚೀಟಿಯಲ್ಲಿ ಬರೆದಿಟ್ಟು ಕೂರಿ. ಸಂಜೆ ಜೀರುಂಡೆಗಳ ಎಡೆಬಿಡದ ಸದ್ದೂ ಇದೇ ರೀತಿ ಒದಗುತ್ತದೆ.

ಮನೆಯಲ್ಲಿ ಮೊದಲೇ ಒಂದು ಆಚರಣೆ ಇರುವವರು ಹೊಸದನ್ನು ಹುಡುಕಬೇಕಾಗಿಲ್ಲ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನವು. ಇಷ್ಟಲಿಂಗ ಪೂಜೆ ಮಾಡುವ ಮನೆಗಳಲ್ಲಿ ದೃಷ್ಟಿ ನಿಲ್ಲಿಸುವ ಅಭ್ಯಾಸ ಪೂಜೆಯ ಒಳಗೇ ಇದೆ. ಅಲ್ಲಿ ಆಗುವ ತೊಂದರೆ ಲಿಂಗ ಹಿಡಿದ ಎಡಗೈ ಸೋಲುವುದು. ಮೊಣಕೈಗೆ ತೊಡೆಯ ಮೇಲೆ ದಿಂಬಿನ ಆಸರೆ ಕೊಟ್ಟು, ಬಲಗೈಯಿಂದ ಕೆಳಗೆ ಹಿಡಿದರೆ ಅಲುಗಾಟ ನಿಲ್ಲುತ್ತದೆ. ಲಿಂಗದ ಕಪ್ಪು ಮೈಮೇಲೆ ಮಿನುಗುವ ದೀಪದ ಚುಕ್ಕೆಯ ಮೇಲೆ ದೃಷ್ಟಿ ಇರಲಿ, ರೆಪ್ಪೆ ಬಡಿಯಬೇಕೆನಿಸಿದರೆ ಬಡಿಯಲಿ, ಕಣ್ಣಲ್ಲಿ ನೀರು ಬರುವ ತನಕ ಹಟ ಮಾಡಬೇಡಿ. ಜಪ ಮಾಡುವವರಿಗೆ 108 ಮಣಿಯ ಮಾಲೆಯೇ ಗಡಿಯಾರ. ಒಂದು ಮಣಿಗೆ ನಾಲ್ಕು ಸೆಕೆಂಡಾದರೆ ಒಂದು ಸುತ್ತಿಗೆ ಏಳು ನಿಮಿಷದ ಮೇಲೆ. ಬೇಗ ಮುಗಿಸುವ ಅವಸರದಲ್ಲಿ ಮೂರು ನಿಮಿಷಕ್ಕೆ ಸುತ್ತು ಮುಗಿಯುತ್ತಿದ್ದರೆ ಬೆರಳು ಮಾತ್ರ ಜಪ ಮಾಡುತ್ತಿದೆ. ಒಂದು ಹೊರ ಉಸಿರಿಗೆ ಒಂದು ಮಣಿ ಎಂದು ಕಟ್ಟಿಕೊಂಡರೆ ವೇಗ ತಾನಾಗಿ ಇಳಿಯುತ್ತದೆ.

ಇದರಿಂದ ಏನು ಸಿಗುತ್ತದೆ ಎಂಬುದನ್ನು ಇದ್ದಷ್ಟೇ ಹೇಳಬೇಕು. 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ರೋಗಿಗಳಿಗಾಗಿ ಶುರು ಮಾಡಿದ ಧ್ಯಾನದ ತರಬೇತಿಯ ನಂತರ ಈ ಬಗ್ಗೆ ಬಹಳ ಅಧ್ಯಯನಗಳಾಗಿವೆ. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ 47 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಲೇಖನ ಬಂತು. ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಸಾಧಾರಣ ಮಟ್ಟದ ಉಪಯೋಗ ಕಂಡಿತ್ತು. ಔಷಧ, ವ್ಯಾಯಾಮದಂಥ ಬೇರೆ ಉಪಾಯಗಳಿಗಿಂತ ಧ್ಯಾನ ಮೇಲು ಎನ್ನಲು ಆಧಾರ ಸಿಗಲಿಲ್ಲ. ನಮಗೆ ಇದು ನಿರಾಸೆಯ ಮಾತಾಗಿ ಕಾಣುವುದಿಲ್ಲ. ಖರ್ಚಿಲ್ಲದೆ, ಮನೆಯ ಮೂಲೆಯಲ್ಲಿ ಕೂತು, ಇಷ್ಟು ಒಳ್ಳೆಯದು ಆಗುತ್ತದೆ ಎಂದರೆ ಅದು ಸಣ್ಣದಲ್ಲ. ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಮನೋವೈದ್ಯರು ಕೊಟ್ಟ ಮಾತ್ರೆ ಯಾವುದನ್ನೂ ಧ್ಯಾನದ ಹೆಸರಿನಲ್ಲಿ ನಿಲ್ಲಿಸಬಾರದು.

ಕಣ್ಣು ಮುಚ್ಚಿದರೆ ಹಳೆಯ ಆಘಾತ ಕಣ್ಣೆದುರು ಬರುವವರು, ಎದೆ ಹೊಡೆದುಕೊಂಡು ಉಸಿರು ಕಟ್ಟುವವರು, ಇಲ್ಲದ ಧ್ವನಿ ಕೇಳಿಸುವವರು ಒಬ್ಬರೇ ಕೂರಬಾರದು. ಕಣ್ಣು ತೆರೆದು, ನಡಿಗೆಯಲ್ಲಿ, ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ಅದೂ ಕಷ್ಟವಾದರೆ ಬಿಟ್ಟು ವೈದ್ಯರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಬೇಡ.

ಸಮಯ ಹೆಚ್ಚಿಸುವುದು ಎರಡು ವಾರವಾದ ಮೇಲೆ. ಐದರಿಂದ ಎಂಟು, ಇನ್ನೆರಡು ವಾರಕ್ಕೆ ಹತ್ತು, ಆಮೇಲೆ ತಿಂಗಳಿಗೆ ಐದರಂತೆ ಇಪ್ಪತ್ತರ ತನಕ. ಹತ್ತು ನಿಮಿಷದಲ್ಲಿ ಎಣಿಕೆ ಹೆಚ್ಚು ತಪ್ಪದೆ ಸಾಗುವಂತಾದರೆ ಎಣಿಕೆ ಬಿಟ್ಟು ಬರೀ ಸ್ಪರ್ಶಕ್ಕೆ ಬನ್ನಿ, ಗಲಾಟೆಯ ದಿನ ಮತ್ತೆ ಎಣಿಕೆ ಹಿಡಿಯಿರಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿ ತನಕ ಸುಲಿತ, ಬೆಳಗಾದರೆ ಬೇಯಿಸುವ ಹಂಡೆ, ಯಾರಿಗೂ ಪುರಸೊತ್ತಿಲ್ಲ. ಆಗ ಇಪ್ಪತ್ತು ನಿಮಿಷಕ್ಕಾಗಿ ಕಾಯದೆ ಮೂರೇ ನಿಮಿಷ ಕೂತು ಎದ್ದರೂ ಅಭ್ಯಾಸದ ಎಳೆ ಉಳಿಯುತ್ತದೆ. ಪೂರ್ತಿ ಬಿಟ್ಟುಹೋದರೆ ನಿಲ್ಲಿಸಿದ ಸಮಯದ ಅರ್ಧದಿಂದ ಮತ್ತೆ ಶುರು ಮಾಡಿ.

ಹತ್ತು ದಿನದ ವಿಪಶ್ಯನಾ ಶಿಬಿರಕ್ಕೆ ಯಾವಾಗ ಹೋಗಬಹುದು ಎಂದು ಅನೇಕರು ಕೇಳುತ್ತಾರೆ. ಎಸ್.ಎನ್. ಗೋಯೆಂಕಾ ಅವರು 1969ರಿಂದ ಭಾರತದಲ್ಲಿ ಕಲಿಸತೊಡಗಿದ ಆ ಶಿಬಿರಗಳಲ್ಲಿ ಬೆಳಗಿನ ನಾಲ್ಕಕ್ಕೆ ಏಳಬೇಕು, ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು, ಮೌನ. ಹೊಸಬರನ್ನೂ ಸೇರಿಸಿಕೊಳ್ಳುತ್ತಾರೆ, ಆದರೂ ಮನೆಯಲ್ಲಿ ಕೆಲವು ತಿಂಗಳು ದಿನಾ ಅರ್ಧ ಗಂಟೆ ಕೂತು, ಯಾವ ಎತ್ತರದ ಆಸನ ತಮಗೆ ಹೊಂದುತ್ತದೆ ಎಂದು ತಿಳಿದುಕೊಂಡು ಹೋದವರಿಗೆ ಮೊದಲ ಮೂರು ದಿನ ಹಗುರವಾಗುತ್ತದೆ. ಶುಲ್ಕ ಇಲ್ಲ, ಮುಗಿದ ಮೇಲೆ ಇಷ್ಟವಿದ್ದರೆ ದಾನ ಕೊಡಬಹುದು. ಅರ್ಜಿಯಲ್ಲಿ ಮೈ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಪ್ರಶ್ನೆಗಳಿರುತ್ತವೆ. ತೆಗೆದುಕೊಳ್ಳುತ್ತಿರುವ ಮಾತ್ರೆ, ಹಿಂದೆ ಆಗಿದ್ದ ಖಿನ್ನತೆ, ಬೆನ್ನಿನ ತೊಂದರೆ ಎಲ್ಲವನ್ನೂ ಅಲ್ಲಿ ಬಿಡಿಸಿ ಬರೆಯಿರಿ, ಕುರ್ಚಿ ಬೇಕಿದ್ದರೆ ಅದನ್ನೂ ಆಗಲೇ ತಿಳಿಸಿ.